ತಪ್ಪೇ ಮಾಡದವಳ ಬಸ್ಕಿ

ಉತ್ತರಹಳ್ಳಿಯ ಮುನಿವೆಂಕಟಮ್ಮನಿಗೆ ತಲೆಬುಡ ತಿಳಿಯದಾಯಿತು. ಬೆಳಗ್ಗೆ ಎದ್ದು ಹಿತ್ತಲಿಗೆ ಬಂದರೆ, ಮಗಳು ಲಚ್ಚಿ ಗೋಡೆ ಹಿಡಿದುಕೊಂಡು ಬಸ್ಕಿ ಹೊಡೆಯುತ್ತಿದ್ದಾಳೆ! ನಿನ್ನೆಯೂ ಇದೇ, ಮೊನ್ನೆಯೂ ಇದೇ.

"ಯಾರೇ ನಿಂಗೆ ಇದನ್ನ ಮಾಡು ಅಂದಿದ್ದು?"

"ನಮ್ ಡ್ರಿಲ್ ಮಿಸ್ಸು ಕಣಮ್ಮ."

ಅಷ್ಟು ಸಾಕಾಯಿತು. ಇಸ್ಕೂಲಿನಲ್ಲಿ ತಪ್ಪು ಮಾಡಿದವರಿಗೆ ತಾನೇ ಬಸ್ಕಿ? ಈಗ ಶಿಕ್ಷೆಯನ್ನು ಮನೆಗೂ ಕಟ್ಟಿ ಕಳಿಸುತ್ತಾರೆಯೇ? ಇದೊಳ್ಳೆ ಕಾಲ ಬಂತಲ್ಲಪ್ಪ!

ಗಂಡ ಚಿಕ್ಕಬೈರಪ್ಪ ಎತ್ತಿಗೆ ಹುಲ್ಲು ಹಾಕುತ್ತಿದ್ದವನು ನಕ್ಕ. "ಗಣಪ್ಪಂಗೆ ಹರಕೆ ಹೊತ್ತಿರ್ಬೇಕು ಬಿಡೇ. ದೇವ್ರ ಮುಂದೆ ನಾವೂ ಹೊಡೆಯಲ್ವಾ?"

"ಹಿತ್ತಲ ಗೋಡೆಗೆ ಯಾರಾದ್ರೂ ಹರಕೆ ಹೊರ್ತಾರಾ?"

ಪಕ್ಕದ ಮನೆಯ ಬಸವಲಿಂಗಮ್ಮ ಬೇಲಿಯಾಚೆಯಿಂದಲೇ ಕತ್ತು ಚಾಚಿದರು. "ಜ್ವರ ಬಂದೆದ್ದ ಹುಡುಗಿ ಮುನಿಯಕ್ಕ. ಗಾಳಿ ಗೀಳಿ ಸೋಕಿರ್ಬೇಕು, ಒಂದ್ಸಲ ತಾಯತ ಕಟ್ಸಿ ನೋಡಿ."

ಮುನಿವೆಂಕಟಮ್ಮನ ತಲೆ ಇನ್ನಷ್ಟು ಕೆಟ್ಟಿತು. ಜ್ವರ ಬಂದದ್ದು ನಿಜ. ಹೋದ ವರ್ಷದ ವಿಷಮಶೀತ ಜ್ವರ ಮಗುವನ್ನು ಹಿಂಡಿ ಹಾಕಿತ್ತು. ಅದಕ್ಕೂ ಮೊದಲು ಖೋ-ಖೋ ಆಟದಲ್ಲಿ ಲಚ್ಚಿಯನ್ನು ಹಿಡಿಯುವವರೇ ಇರಲಿಲ್ಲ. ಈಗ ಕುಕ್ಕರಗಾಲಲ್ಲಿ ಕೂತರೆ ಕೈಯೂರದೆ ಏಳಲಾರಳು, ಎದ್ದರೆ ಏದುಸಿರು. ಮಿಕ್ಕವರು ಆಡುವಾಗ ಹೊಂಗೆ ಮರದ ಕೆಳಗೆ ಒಬ್ಬಳೇ ಕೂತಿರುತ್ತಾಳೆ. ಇಂಥ ಮಗುವಿಗೆ ಬಸ್ಕಿಯೇ?

"ನಾಳೆಯಿಂದ ನಿಂಗೆ ಇಸ್ಕೂಲೇ ಬೇಡ!"

"ಅಯ್ಯೋ ಬೇಡಮ್ಮ, ನನ್ ಖೋ-ಖೋ ಹೋಗ್ಬಿಡುತ್ತೆ!" ಎಂದು ಲಚ್ಚಿ ಗೋಳೋ ಎಂದು ಅತ್ತಳು. ಶಿಕ್ಷೆ ತಪ್ಪಿತೆಂದು ಕುಣಿಯಬೇಕಾದವಳು ಅಳುವುದೇಕೆ? ತಾಯಿಗೆ ಅದೂ ತಿಳಿಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ಇಸ್ಕೂಲಿಗೆ ನಡೆದಳು. ಜಗಳ ಬಿಡಿಸಲು ಗಂಡನೂ ಹಿಂದೆಯೇ ಓಡಿದ.

ಡ್ರಿಲ್ ಟೀಚರ್ ಕಾತ್ಯಾಯಿನಿ ಜಯನಗರದಿಂದ ಬರುವವರು. ಆಗಷ್ಟೇ ಬಸ್ಸಿಳಿದಿದ್ದರು.

"ಟೀಚರಮ್ಮ, ನನ್ ಮಗಳು ಏನ್ ತಪ್ಪು ಮಾಡಿದ್ಲು?"

"ಏನೂ ಇಲ್ವಲ್ಲ!"

"ತಪ್ಪೇ ಇಲ್ದೆ ಶಿಕ್ಷೇನಾ?"

ಹಿಂದೆಯೇ ಬಂದ ಚಿಕ್ಕಬೈರಪ್ಪ ಹಿತ್ತಲ ಬಸ್ಕಿಯ ಕಥೆ ಹೇಳಿದ. ಕಾತ್ಯಾಯಿನಿ ನಗು ತಡೆದುಕೊಂಡರು. "ಅದು ಶಿಕ್ಷೆ ಅಲ್ಲಮ್ಮ, ವ್ಯಾಯಾಮ. ಲಚ್ಚಿ ತಾನೇ ಆರಿಸಿಕೊಂಡಿದ್ದು."

"ಎಲ್ಲಾ ಮಕ್ಕಳಿಗೂ ಒಂದೇ ಡ್ರಿಲ್ಲು ತಾನೆ? ಇವಳಿಗೇನು ಬೇರೆ?"

ಟೀಚರ್ ಚಿಕ್ಕಬೈರಪ್ಪನ ಕಡೆ ತಿರುಗಿದರು. "ಯಜಮಾನ್ರೇ, ಕಾಯಿಲೆ ಬಿದ್ದು ಎದ್ದ ಎತ್ತಿಗೆ ಅವತ್ತೇ ನೇಗಿಲು ಕಟ್ತೀರಾ?"

"ಎಲ್ಲಾದ್ರೂ ಉಂಟಾ? ಮೊದ್ಲು ಬರೀ ಮೈಯಲ್ಲಿ ಓಡಾಡಿಸ್ತೀವಿ. ಆಮೇಲೆ ಖಾಲಿ ಗಾಡಿ. ಸುಸ್ತಾದ್ರೆ ಬಿಚ್ಚಿ ಬಿಡ್ತೀವಿ."

"ಇದೂ ಅಷ್ಟೇ. ಡಾಕ್ಟರು ಆಡಬಹುದು ಅಂದ್ಮೇಲೆ ಕೇಳ್ದೆ, ನಿಂಗೇನು ಬೇಕು ಅಂತ. ಖೋ-ಖೋ ಅಂದ್ಲು. ಎಲ್ಲಿ ಕಷ್ಟ ಅಂದ್ರೆ, ಕೂತು ಏಳೋದು ಅಂದ್ಲು. ಅದಕ್ಕೇ ಗೋಡೆ ಹಿಡ್ಕೊಂಡು ಒಂದಿಷ್ಟು ಬಸ್ಕಿ, ಸಂಜೆ ಕೆರೆ ಏರಿ ಮೇಲೆ ನಡಿಗೆ. ಮೈ ಒಗ್ಗಿದ ಹಾಗೆ ಸ್ವಲ್ಪ ಜಾಸ್ತಿ. ನಡುನಡುವೆ ಒಂದಿನ ರಜಾ. ನೋವಾದ್ರೆ ನಿಲ್ಸಿ ನಂಗೆ ಹೇಳ್ಬೇಕು."

"ಮನೇಲಿ ನೀರು ಸೇದ್ತಾಳಲ್ಲ, ಸಾಲ್ದಾ?"

"ಅದ್ರಲ್ಲಿ ಕೈಗೆ ಬಲ ಬರುತ್ತಮ್ಮ. ಇವಳಿಗೆ ಬೇಕಾಗಿರೋದು ಕಾಲಿಗೆ, ಉಸಿರಿಗೆ."

ಮುನಿವೆಂಕಟಮ್ಮನಿಗೆ ಅರ್ಧ ತಿಳಿಯಿತು, ಅರ್ಧ ಇಲ್ಲ. ಆದರೂ ಮಗಳನ್ನು ಇಸ್ಕೂಲು ಬಿಡಿಸಲಿಲ್ಲ. ಸಂಜೆ ಕೆರೆ ಏರಿಯ ಮೇಲೆ ತಾನೂ ಜೊತೆಗೆ ನಡೆದಳು. ಬರಬರುತ್ತ ಲಚ್ಚಿ ಗೋಡೆ ಬಿಟ್ಟಳು. ಏದುಸಿರು ತಾಯಿಗೆ ಬಂತೇ ಹೊರತು ಮಗಳಿಗೆ ಬರಲಿಲ್ಲ.

ಇಸ್ಕೂಲಿನ ವಾರ್ಷಿಕೋತ್ಸವದ ದಿನ ಲಚ್ಚಿ ಖೋ-ಖೋ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಮುನಿವೆಂಕಟಮ್ಮ ಜನರ ನಡುವೆ ನುಗ್ಗಿ ಮುಂದೆ ಬಂದು ನಿಂತಳು. ಹಿಂದಿನಿಂದ ಗೆಳತಿ ಬೆನ್ನು ಮುಟ್ಟಿ "ಖೋ!" ಎಂದಳು.

ಲಚ್ಚಿ ನೆಲಕ್ಕೆ ಕೈಯೂರಲಿಲ್ಲ. ಚಂಗನೆ ಎದ್ದು ಓಡಿದಳು.

"ಎದ್ಲು! ನನ್ ಮಗಳು ಎದ್ಲು!" ತಾಯಿ ಅಷ್ಟು ಜನರ ನಡುವೆ ಕೂಗಿಕೊಂಡಳು. ಲಚ್ಚಿ ಯಾರನ್ನಾದರೂ ಹಿಡಿದಳೇ, ಯಾವ ತಂಡ ಗೆದ್ದಿತು, ಕಣ್ಣೀರಿನಲ್ಲಿ ಅವಳಿಗೆ ಒಂದೂ ಕಾಣಲಿಲ್ಲ.

ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮಗುವೂ ಹಿತ್ತಲಲ್ಲಿ ಕೂತು ಏಳುತ್ತಿದ್ದರೆ ಗದರಬೇಡಿ. ಏನು ಬೇಕು, ಎಲ್ಲಿ ಕಷ್ಟ ಎಂದು ಕೇಳಿ. ಪಕ್ಕದ ಮನೆ ಮಗುವಿನ ಲೆಕ್ಕ ನಿಮ್ಮ ಮಗುವಿಗೆ ಹೇರಬೇಡಿ. ಇವತ್ತು ಆಗುವಷ್ಟು ಮಾಡಲಿ, ನಾಳೆ ಒಂದು ಚೂರು ಜಾಸ್ತಿ. ಸಾಧ್ಯವಾದರೆ ನೀವೂ ಜೊತೆಗೆ ನಡೆಯಿರಿ.