ದೇವರ ಕೋಣೆ ಸುತ್ತಿ ಬಂದ ಕೇಬಲ್

“ಮ್ಯಾಲ ಸಿಕ್ಕಿದ್ದು ಕೆಳಗ ಬರೋದ್ರಾಗ ಎಲ್ಲಿ ಸೋರಿ ಹೋತು?”

ಸುಕನ್ಯಾ ಕೇಳಿದ್ದು ಯಾರನ್ನೂ ಅಲ್ಲ. ಅವಳ ಎದುರಿಗಿದ್ದದ್ದು ರಿಸೀವರ್ ಪೆಟ್ಟಿಗೆ ಮಾತ್ರ. ಕಾನಹೊಸಹಳ್ಳಿಯ ಹೆದ್ದಾರಿ ಬದಿಯ ಮನೆಯ ಮುಂಗೋಣೆಗೆ ‘ಜಮೀನು ಅಳತೆ’ ಎಂದು ಬೋರ್ಡು ಹಾಕಿದ್ದು ಮೊನ್ನೆ ಮೊನ್ನೆ. ಅಲ್ಲಿಯವರೆಗೆ ಹಗರಿಬೊಮ್ಮನಹಳ್ಳಿಯಲ್ಲಿ ಇನ್ನೊಬ್ಬರ ಕೈಕೆಳಗೆ ದುಡಿದವಳು. ಸ್ವಂತ ಹೆಸರಿನ ಮೊದಲ ಅಳತೆ ಮರುದಿನ ಬೆಳಿಗ್ಗೆಯೇ ಇತ್ತು. ಅತ್ತೆಯ ಅಣ್ಣ ವೀರಭದ್ರಯ್ಯನವರ ಹೊಲಕ್ಕೂ ಕುರಿ ಸಾಕುವ ಮೈಲಪ್ಪನ ಹೊಲಕ್ಕೂ ನಡುವಿನ ಬದು ಎಲ್ಲಿ ಎಂದು ಅವಳು ಹೇಳಬೇಕಿತ್ತು.

ಮಾಳಿಗೆಯ ಮೇಲಿನ ಆಂಟೆನಾ ಉಪಗ್ರಹಗಳನ್ನು ಕೇಳಿಸಿಕೊಂಡು ಈ ಪೆಟ್ಟಿಗೆಗೆ ಸರಿಯಾಗಿ ಒಪ್ಪಿಸಿದರೆ, ಹೊಲದಲ್ಲಿ ಅವಳು ಹಿಡಿದ ಅಳತೆಯ ಕೋಲು ಇದರ ಲೆಕ್ಕ ಪಡೆದು ಬೆರಳಗಲ ತಪ್ಪದೆ ಗಡಿ ತೋರಿಸುತ್ತದೆ. ಈಗ ಬರುತ್ತಿದ್ದದ್ದು ಸೊರಗಿದ ದನಿ. ಇದನ್ನು ನಂಬಿ ಅಳೆದರೆ ಬದು ಗೇಣು ಆಚೆಯೋ ಮೊಳ ಈಚೆಯೋ ಬೀಳುತ್ತಿತ್ತು.

ಎಡವಟ್ಟಾದದ್ದು ಬೆಳಿಗ್ಗೆ. ಈಶಾನ್ಯದ ಮೂಲೆಯಲ್ಲಿ ಆಕಾಶ ಬಯಲಾಗಿದೆ ಎಂದು ಅಲ್ಲಿಂದ ನೇರ ಕೆಳಕ್ಕೆ ಲೆಕ್ಕ ಹಾಕಿ, ಆಂಟೆನಾ ಜೊತೆ ಬಂದ ಸಣ್ಣ ಕೇಬಲ್ಲೇ ಸಾಕು ಅಂದುಕೊಂಡಿದ್ದಳು. ಕಂಬ ಹೊತ್ತು ಹೊರಟ ಎಲೆಕ್ಟ್ರಿಷಿಯನ್ ಬೀರಲಿಂಗೇಶನನ್ನು ಅತ್ತೆ ನಾಗಲಿಂಗಮ್ಮ ಮೆಟ್ಟಿಲಲ್ಲೇ ತಡೆದರು.

“ಎಲ್ಲಿಗಿ ಹೊಂಟಿ? ಆ ಮೂಲಿ ಕೆಳಗ ದೇವ್ರ ಕೋಣಿ ಐತಿ. ಸ್ವಾಮಿ ನೆತ್ತಿ ಮ್ಯಾಲ ಕಾಲಿಡ್ತೀಯೇನು?”

“ನಡುವ ಸಿಮೆಂಟ್ ಐತಲ್ಲಮ್ಮಾ.”

“ನಿನ್ನ ನೆತ್ತಿಗೂ ಒಂದು ಹಲಿಗಿ ಇಟ್ಟು ನಿಂದರಲೇನು?”

ಆ ಮನೆಯಲ್ಲಿ ಹಪ್ಪಳ ಒಣಗಿಸಲೂ ಯಾರೂ ಆ ಮೂಲೆ ತುಳಿದವರಲ್ಲ. ಸುಕನ್ಯಾಳಿಗೂ ಅದು ಗೊತ್ತಿತ್ತು. ಟೇಪು ಹಿಡಿದು ಮನೆಯೊಳಗೆ ಅಳೆಯುವಾಗ ಮಾತ್ರ ತಲೆಯಲ್ಲಿ ಇರಲಿಲ್ಲ. ಅವಳು ವಾದಿಸಲಿಲ್ಲ. ಕಂಬ ನೈರುತ್ಯಕ್ಕೆ ಹೋಗಿ, ನೀರಿನ ಟ್ಯಾಂಕಿಗಿಂತ ಎತ್ತರಕ್ಕೆ ನಿಂತಿತು. ಕೇಬಲ್ ಈಗ ಇಡೀ ಮನೆ ಸುತ್ತಿ ಬರಬೇಕು, ಮೂವತ್ತೈದು ಮೀಟರ್. ಬೀರಲಿಂಗೇಶ ಸಣ್ಣ ಕೇಬಲ್ಲಿಗೇ ಅಂಥದೇ ತುಂಡುಗಳನ್ನು ಸೇರಿಸಿ ಇಳಿಬಿಟ್ಟಿದ್ದ.

“ಅಕ್ಕಾ, ಡಿಶ್‌ನವ್ರು ಹಾಕ್ತಾರಲ್ಲ, ಆ ಬೂಸ್ಟರ್ ಒಂದು ಈ ಪೆಟಿಗಿ ಹತ್ರ ಕುಂದ್ರಿಸಿದ್ರ?” ಅಂದ.

“ಮಠದಾಗ ಪುರಾಣ ನಡದೈತಿ, ಹಿಂದ ಕುಂತೋರಿಗೆ ಪದ ಮುಟ್ಟವಲ್ದು ಅಂತ ತಿಳ್ಕೊ. ಮೈಕ್ ತಂದು ಆ ಹಿಂದಿನ ಸಾಲಿನ್ಯಾಗ ಇಟ್ರ ಏನಾಕ್ಕೈತಿ?”

ಒಳಗಿನಿಂದ ನಾಗಲಿಂಗಮ್ಮನವರೇ ಉತ್ತರ ಕೊಟ್ಟರು. “ಮುದುಕ್ರ ಕೆಮ್ಮು ದೊಡ್ಡದಾಕ್ಕೈತಿ.”

“ಅಷ್ಟ ನೋಡ್ರಿ ಅತ್ತ್ಯಾರ. ಬೂಸ್ಟರ್ ಇಲ್ಲಿ ಇಟ್ರ ಗದ್ದಲಾನ ದೊಡ್ಡದಾಕ್ಕೈತಿ. ದಾರ್ಯಾಗ ಸೋರಲಾರದಂಗ ತರಬೇಕು.”

ಸುಕನ್ಯಾ ಸ್ಕೂಟಿ ಹತ್ತಿ ಕೊಟ್ಟೂರಿಗೆ ಹೋದಳು. ಡಿಶ್, ಕ್ಯಾಮೆರಾ ಸಾಮಾನು ಮಾರುವ ಗುರುಶಾಂತ ಎರಡು ಸುರುಳಿ ಮುಂದಿಟ್ಟ.

“ಇದು ಟಿವಿ ಡಿಶ್‌ದು. ಈ ದಪ್ಪಂದು ಮೊಬೈಲ್ ಟವರ್‌ನವ್ರು ಒಯ್ಯೋದು. ಡಿಶ್‌ದ ಒಯ್ರಿ ಮೇಡಮ್ಮರ, ಆಕಾಶದಾಗಿಂದು ಎಲ್ಲಾ ಒಂದ.”

ಡಿಶ್ ಕೇಬಲನ್ನು ಅವಳು ಹಳಿಯಲಿಲ್ಲ. ಬೀರಲಿಂಗೇಶ ಇಳಿಬಿಟ್ಟ ಸಣ್ಣದಕ್ಕಿಂತ ಅದು ಎಷ್ಟೋ ಮೇಲು. ಆದರೂ ತುದಿ ಸುಲಿಸಿ, ಅಂಗಡಿಯಲ್ಲೇ ಒಡೆದ ಸ್ಪೀಕರಿನಿಂದ ಬಿಚ್ಚಿಟ್ಟಿದ್ದ ಅಯಸ್ಕಾಂತವನ್ನು ನಡುವಿನ ತಂತಿಗೆ ಹಿಡಿದಳು. ಟಕ್ಕನೆ ಅಂಟಿತು.

“ಮ್ಯಾಲ ತಾಮ್ರ, ಒಳಗ ಕಬ್ಣ. ಆಂಟೆನಾಕ್ಕ ಬೇಕಾದ ಕರೆಂಟೂ ಇದ್ರಾಗ ಏರಬೇಕ್ರಿ. ಇಷ್ಟುದ್ದ ಏರೋದ್ರಾಗ ಸೋಲ್ತೈತಿ.”

“ನೀವು ಕೇಬಲ್ ತಗೊಳ್ಳಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ?”

“ಹೆಣ್ಣು ನೋಡಾಕ ಬಂದೋರು ಇಷ್ಟು ನೋಡಂಗಿಲ್ಲ ಬಿಡ್ರಿ.”

ದಪ್ಪ ಕೇಬಲಿಗೆ ಅಯಸ್ಕಾಂತ ಅಂಟಲಿಲ್ಲ. ಮೈಮೇಲೆ ಐವತ್ತು ಓಮ್ ಎಂದು ಅಚ್ಚಾಗಿತ್ತು, ರಿಸೀವರಿನ ಬೆನ್ನ ಮೇಲೂ ಅದೇ ಇತ್ತು, ಒಂದಕ್ಕೊಂದು ಹೊಂದುತ್ತಿತ್ತು. ಬಿಸಿಲಿಗೆ ಬಿರಿಯದ ಕಪ್ಪು ಹೊದಿಕೆ. ಎರಡೂ ತುದಿಗೆ ಕನೆಕ್ಟರ್ ಹಾಕಿಸಿ, ನಡುವೆ ಒಂದೂ ಜಾಯಿಂಟ್ ಇಲ್ಲದ ಇಡೀ ತುಂಡನ್ನೇ ತಂದಳು.

ಮಾಳಿಗೆಯ ಅಂಚಿನಲ್ಲಿ ಬೀರಲಿಂಗೇಶ ಅದನ್ನು ಮಡಚಲು ಹೋದಾಗ ಕೆಳಗಿನಿಂದಲೇ ಕೂಗಿದಳು. “ಏ, ಮುರೀಬ್ಯಾಡಪ! ಮೊರದ ಅಂಚಿನಂಗ ದುಂಡಗ ತಿರುಗಿಸು.”

ಸಂಜೆಗೆ ತುದಿ ಪೆಟ್ಟಿಗೆಗೆ ಸೇರಿತು. ಪರದೆಯ ಮೇಲೆ ಉಪಗ್ರಹಗಳ ಗೆರೆಗಳು ಒಂದರ ಹಿಂದೆ ಒಂದು ಎದ್ದವು. ದೂರದ ಸಾಲಿಗೂ ಪದ ಒಡೆಯದೆ ಕೇಳಿಸಿದಂತಾಗಿ ಅವಳ ಎದೆ ತುಂಬಿತು. ಬೀರಲಿಂಗೇಶ ಚಹಾ ಕುಡಿದು ಹೊರಟ.

ಅವನು ಹೋದ ಮೇಲೆ ವೀರಭದ್ರಯ್ಯನವರು ಬಂದರು. ಹಣೆ ತುಂಬ ವಿಭೂತಿ, ಮುಖ ತುಂಬ ನಗು. ಮೂಲೆಯಲ್ಲಿ ಬಿದ್ದಿದ್ದ ಸಣ್ಣ ಕೇಬಲನ್ನು ಊರುಗೋಲಿನಿಂದ ತಟ್ಟಿದರು.

“ಇದನ್ಯಾಕ ಬಿಚ್ಚಿದಿ ಮಗಳ?”

“ಗೇಣು, ಮೊಳ ಹೆಚ್ಚು ಕಡಿಮಿ ತೋರಿಸ್ತಿತ್ರಿ ಮಾವಾರ.”

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

“ನಾಳಿ ಒಂದಿನ ಇದ ಇರ್ಲಿ. ಬದು ಒಂದು ಗೇಣು ಮೈಲಪ್ಪನ ಕಡೀಗೆ ಹಾಕು. ಯಾರರ ಕೇಳಿದ್ರ ವೈರಿನ ಮ್ಯಾಲ ಹೇಳಿದ್ರಾತು. ಸುಳ್ಳೂ ಅಲ್ಲ, ಪಾಪಾನೂ ಅಲ್ಲ. ನಿನಗ ಮೊದಲ್ನೇ ಕೆಲಸ ಕೊಟ್ಟಾಂವ ನಾನು. ಇಟ್ಟಿಗಿ ಊರಾಗ ನಮ್ಮ ಬೀಗರ ಹೊಲಾನೂ ನಿನಗ ಕೊಡಸ್ತೀನಿ. ಒಲ್ಲೆ ಅಂದ್ರ ಹಡಗಲಿಯಿಂದ ಬ್ಯಾರೇದವ್ರು ಅಳ್ಯಾಕ ಬರ್ತಾರ.”

ಒಳಬಾಗಿಲಲ್ಲಿ ಕೂತಿದ್ದ ನಾಗಲಿಂಗಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಸೊಸೆಯತ್ತ ನೋಡಿದರು.

ಸುಕನ್ಯಾ ಎದ್ದು, ದಪ್ಪ ಕೇಬಲಿನ ಕನೆಕ್ಟರನ್ನು ಇನ್ನೊಂದು ಸುತ್ತು ಬಿಗಿ ಮಾಡಿದಳು.

“ಆಗಂಗಿಲ್ಲ, ಮಾವಾರ.”