ಅಮ್ಮನ ಮುಖ ಯಾರ ಪಾಲಿಗೆ

ಫೋಟೊ ತೆಗೆಯುವುದೆಂದರೆ ಗುಂಡಿ ಒತ್ತುವುದು ಎಂದುಕೊಂಡವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಶಾಲೆ ಅರ್ಧಕ್ಕೆ ಬಿಟ್ಟು ಸೋದರಮಾವನ ಸ್ಟುಡಿಯೊ ಸೇರಿದವನು ನಾನು. ಉರಿದುಕೊಂಡೇ ಕೆಲಸ ಕಲಿತೆ. ನಿನ್ನ ಒಳ್ಳೆಯ ಚಿತ್ರ ಯಾವುದಪ್ಪ ಎಂದು ಯಾರಾದರೂ ಕೇಳಿದರೆ ಕೆಟ್ಟುಹೋದ ಎರಡು ಚಿತ್ರ ತೆಗೆದು ತೋರಿಸುತ್ತೇನೆ. ನಗುವವರು ನಗಲಿ. ಆ ಎರಡಕ್ಕೆ ನಾನು ಋಣಿ.

ಎರಡರಲ್ಲೂ ಕುಳಿತಿರುವ ಅಮ್ಮ ಹಾಸಿಗೆ ಅಂಗಡಿಯಲ್ಲಿ ದಿಂಬು ಹೊಲಿಯುತ್ತಿದ್ದವರು. ಒಂದು ಬೆಳಿಗ್ಗೆ ಬಂದು, ಕೌಂಟರಿನ ಅಂಚನ್ನು ಕೈಯಲ್ಲಿ ತಡವಿಕೊಂಡು ನಿಂತರು.

"ಕಣ್ಣಿನ ನರ ಸೊರಗ್ತಾ ಇದೆಯಂತೆ ಮಗಾ. ಪೂರ್ತಿ ಕತ್ತಲಾಗೋ ಮೊದಲು ನನ್ನ ಇಬ್ಬರು ಮಕ್ಕಳನ್ನೂ ಒಂದೇ ಫೋಟೊದಲ್ಲಿ ನೋಡ್ಬೇಕು."

"ಕರ್ಕೊಂಡು ಬನ್ನಿ ಅಮ್ಮ, ತೆಗೆದರಾಯ್ತು."

"ಕರ್ಕೊಂಡು ಬರೋದೇ ಕಷ್ಟ ಕಣಪ್ಪ."

ಕಷ್ಟ ಏನೆಂದು ಮರುದಿನ ಗೊತ್ತಾಯಿತು. ದೊಡ್ಡವನು ಬಸ್ ಡ್ರೈವರ್, ಚಿಕ್ಕವನು ಬಡಗಿ. ಒಂದೇ ಮನೆಯನ್ನು ಎರಡು ಮಾಡಿಕೊಂಡು ಇರುವವರು. ತಮ್ಮ ಕೂರಿಸಿದ ಬಾಗಿಲು ಅಣ್ಣನ ಕಡೆಗೆ ತೆರೆದುಕೊಳ್ಳುತ್ತದೆ ಎಂಬಲ್ಲಿಂದ ಶುರುವಾದ ಜಗಳ. ಈಗ ಮಾತಿಲ್ಲ ಕತೆಯಿಲ್ಲ. ಅಣ್ಣ ಸ್ಟುಡಿಯೊ ಒಳಗೆ ಬಂದರೆ ತಮ್ಮ ಹೊರಗಿನ ಮೆಟ್ಟಿಲ ಮೇಲೆ.

"ಬೇರೆ ಬೇರೆ ತೆಗೆದು ಕಂಪ್ಯೂಟರಲ್ಲಿ ಸೇರಿಸಿಬಿಡು," ಎಂದ ಡ್ರೈವರ್, ದನಿ ತಗ್ಗಿಸಿ. "ಅಮ್ಮನಿಗೆ ಅಷ್ಟೆಲ್ಲ ಗೊತ್ತಾಗಲ್ಲ."

"ಹೋಗ್ತಾ ಇರೋದು ಕಣ್ಣು ಕಣೋ, ಕಿವಿ ಇಲ್ಲೇ ಇದೆ," ಎಂದರು ಅಮ್ಮ. ಆಮೇಲೆ ನನ್ನತ್ತ ತಿರುಗಿ, "ಆಗಲಿ ಬಿಡು ಮಗಾ. ಒಂದೇ ಕಾಗದದ ಮೇಲೆ ಇದ್ದರೆ ಸಾಕು."

ಆ 'ಸಾಕು' ಕೇಳಿ ನನಗೆ ತಡೆಯಲಾಗಲಿಲ್ಲ. ಏನೋ ಅನ್ನಲು ಬಾಯಿ ತೆರೆದೆ. ಮಾವ ಒಳಗಿನಿಂದ ಕಣ್ಣಲ್ಲೇ ಗದರಿದ. ಮುಚ್ಚಿದೆ.

ಸೇರಿಸುವ ಕೆಲಸ ನನಗೆ ನೀರು ಕುಡಿದಷ್ಟು ಸುಲಭ. ಕ್ಯಾಮೆರಾ ಕದಲಬಾರದು, ಬೆಳಕು ಬದಲಾಗಬಾರದು, ನಡುವೆ ಕುಳಿತವರು ಅಲ್ಲಾಡಬಾರದು. ಆಮೇಲೆ ಒಂದು ಚಿತ್ರ ಇಟ್ಟುಕೊಂಡು, ಇನ್ನೊಂದರಿಂದ ಪಕ್ಕದವನನ್ನು ಮಾತ್ರ ತಂದು ನಿಲ್ಲಿಸಿದರೆ ಮುಗಿಯಿತು. ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿದೆ. ಮೊದಲು ಅಣ್ಣ ಬಲಕ್ಕೆ ನಿಂತು ಹೋದ, ಆಮೇಲೆ ತಮ್ಮ ಎಡಕ್ಕೆ. ನನ್ನ ಗಮನವೆಲ್ಲ ಎರಡು ಚಿತ್ರಗಳ ಹೊಲಿಗೆ ಬೀಳಬೇಕಾದ ಅಮ್ಮನ ಹೆಗಲಿನ ಮೇಲೆ. ಹೆಗಲು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಮುಖ ನೋಡುವುದನ್ನೇ ಮರೆತಿದ್ದೆ.

ಕಂಪ್ಯೂಟರಿಗೆ ಹಾಕಿದಾಗ ಕಂಡಿತು. ಮೊದಲನೆಯದರಲ್ಲಿ ಅಮ್ಮ ಕತ್ತೆತ್ತಿ ಡ್ರೈವರನ ಮುಖ ನೋಡುತ್ತಿದ್ದಾರೆ. ಎರಡನೆಯದರಲ್ಲಿ ಬಡಗಿಯದು. ಎರಡರಲ್ಲೂ ಒಂದೇ ನೋಟ, ಜ್ವರ ಬಿಟ್ಟಿದೆಯೋ ಇಲ್ಲವೋ ಎಂದು ನೋಡುವ ಹಾಗೆ.

"ಅಮ್ಮ, ನನ್ನ ಕಡೆ ನೋಡಿ ಅಂದಿದ್ದೆನಲ್ಲ."

"ಪಕ್ಕಕ್ಕೆ ಬಂದು ನಿಂತರೆ ನೋಡದೆ ಹೇಗಿರ್ಲಿ? ದೂರ ಇದ್ದರೆ ನನಗೆ ಮುಖವೇ ಕಾಣಲ್ಲ. ಹತ್ತಿರ ಬಂದಾಗಲೇ ನೋಡ್ಕೋಬೇಕು."

ಇನ್ನೊಮ್ಮೆ ತೆಗೆಯಬಹುದಿತ್ತು. ನನ್ನ ಕೈಲಾಗಲಿಲ್ಲ. ಬಾಗಿಲಿಗೆ ಹೋಗಿ ಇಬ್ಬರನ್ನೂ ಕೂಗಿದೆ.

"ಬನ್ನಿ ಸಾರ್, ಇಬ್ಬರೂ ಬನ್ನಿ. ಮನೆ ಪಾಲು ಮಾಡ್ಕೊಂಡಿದ್ದೀರಲ್ಲ, ಇದನ್ನೂ ಮಾಡ್ಕೊಳ್ಳಿ. ಅಮ್ಮನಿಗಿರೋದು ಒಂದೇ ಮುಖ. ಯಾರ ಪಾಲಿಗೆ ಮುಖ, ಯಾರ ಪಾಲಿಗೆ ತಲೆಯ ಹಿಂಭಾಗ? ಹೇಳಿ, ಹಾಗೇ ಅಂಟಿಸ್ತೀನಿ."

"ನಿನಗೆ ಬಾಯಿ ಸ್ವಲ್ಪ ಜಾಸ್ತಿ," ಎಂದ ಬಡಗಿ.

"ಓದು ಕಡಿಮೆ," ಎಂದೆ. " ಎಲ್ಲಾದರೂ ಸರಿ ಹೋಗ್ಬೇಕಲ್ಲ."

ಮಾವ ಈ ಸಲ ಗದರಲಿಲ್ಲ. ಕಂಪ್ಯೂಟರಿನ ಮುಂದೆ ಒಬ್ಬರು ನಿಲ್ಲುವಷ್ಟೇ ಜಾಗ. ಇಬ್ಬರೂ ತೋಳಿಗೆ ತೋಳು ತಾಗಿಸಿಕೊಂಡು ಬಗ್ಗಿ ನೋಡಿದರು. ಒಬ್ಬೊಬ್ಬನೂ ತನ್ನ ಚಿತ್ರಕ್ಕಿಂತ ಇನ್ನೊಬ್ಬನದನ್ನೇ ಹೆಚ್ಚು ಹೊತ್ತು ನೋಡಿದ.

ಬಡಗಿ ನನ್ನತ್ತ ತಿರುಗಿದ. "ಅಣ್ಣನ ಕಡೆಗೇ ಇರಲಿ ಬಿಡು."

"ಬೇಡ, ಅವನ ಕಡೆಗೇ ಇರಲಿ," ಎಂದ ಡ್ರೈವರ್. "ಚಿಕ್ಕೋನು."

"ಏನ್ರೋ ಹಂಚ್ಕೊಳ್ತಾ ಇದ್ದೀರ ಅಲ್ಲಿ?" ಸ್ಟೂಲಿನ ಮೇಲಿಂದ ಅಮ್ಮ ಕೇಳಿದರು. "ನನಗೂ ಏನಾದರೂ ಉಳಿಸ್ರೋ."

ಇಬ್ಬರೂ ಹೋಗಿ ಅಮ್ಮನ ಹಿಂದೆ, ಹೆಗಲ ಮೇಲೆ ಒಂದೊಂದು ಕೈಯಿಟ್ಟು ನಿಂತರು. ತಬ್ಬಿಕೊಳ್ಳುವುದು, ಕಣ್ಣೀರು, ಅದೆಲ್ಲ ಏನೂ ನಡೆಯಲಿಲ್ಲ.

"ಸ್ವಲ್ಪ ಆ ಕಡೆ ಸರಿ," ಎಂದ ಅಣ್ಣ.

"ಇನ್ನೂ ಸರಿದರೆ ಗೋಡೆಯೊಳಗೆ ಹೋಗ್ತೀನಿ."

ಅಮ್ಮನಿಗೆ ನಗು ಬಂತು. ನಗುತ್ತಲೇ ಎರಡೂ ಕೈ ಮೇಲೆತ್ತಿ, ಹೆಗಲ ಮೇಲೆ ಸಿಕ್ಕ ಎರಡು ಕೈಗಳನ್ನು ಹಿಡಿದುಕೊಂಡರು. ಯಾರ ಕಡೆಗೂ ತಿರುಗಲಿಲ್ಲ. ಆಗ ಒತ್ತಿದೆ. ಗುಂಡಿಯನ್ನೇ ಒತ್ತಿದ್ದು, ಒಪ್ಪುತ್ತೇನೆ. ಆದರೆ ಅಲ್ಲಿಯವರೆಗೆ ತಂದು ನಿಲ್ಲಿಸಿದ್ದು ಆ ಅಮ್ಮನ ಕತ್ತು. ನನ್ನ ಕಡೆ ನೋಡಿ ಎಂದದ್ದನ್ನು ಅವರು ಕೇಳದೆ ಹೋದದ್ದಕ್ಕೆ ನನ್ನ ನಮಸ್ಕಾರ.

ಪ್ರಿಂಟ್ ಕೊಟ್ಟಾಗ ಅಮ್ಮ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಒಂದು ಮುಖದಿಂದ ಇನ್ನೊಂದಕ್ಕೆ, ಮತ್ತೆ ಇತ್ತ, ಕಣ್ಣು ನಿಧಾನವಾಗಿ ಓಡಾಡಿತು.

"ಮನೇಲಿ ನೋಡಬಹುದಮ್ಮ, ನಡಿ," ಎಂದ ಡ್ರೈವರ್.

"ಮನೇಲಿ ಬೆಳಕು ಸಾಲದು. ಇಲ್ಲೇ ನೋಡ್ತೀನಿ."

ಸ್ಟುಡಿಯೊದಲ್ಲಿದ್ದ ದೀಪಗಳನ್ನೆಲ್ಲ ಹಾಕಿ, ಒಂದೊಂದನ್ನೂ ಅವರ ಕೈಯಲ್ಲಿದ್ದ ಕಾಗದದತ್ತ ತಿರುಗಿಸಿದೆ. ಹೊರಗೆ ಪಾಸ್‌ಪೋರ್ಟ್ ಫೋಟೊಗೆ ಕಾಯುತ್ತಿದ್ದವನೊಬ್ಬ ತಲೆ ಹಾಕಿ, ಇನ್ನೆಷ್ಟು ಹೊತ್ತು ಎಂದು ಕೇಳಿದ.

"ಅವರು ಕಣ್ತುಂಬ ನೋಡಿ ಆಗಲಿ," ಎಂದೆ. "ಅಲ್ಲೀವರೆಗೆ ನೀನು ಕೂದಲು ಬಾಚ್ಕೋ."