ಆಪೋಶನದ ನೀರು

ಚಮಚದ ಅಂಚಿನಲ್ಲಿ ನೀರು ನಿಂತೇ ಇದೆ, ಬೀಳುವುದಿಲ್ಲ, ಇನ್ನೇನು ಬಿದ್ದೀತು ಎನ್ನುವಾಗ ಮತ್ತೆ ಒಳಕ್ಕೆ ಸರಿದುಕೊಳ್ಳುತ್ತದೆ, ಪುಡಿ ಒಂದು ಚಿಟಿಕೆ ಹೆಚ್ಚಾಯಿತು, ರಮಾಮಣಿ ಅಂದುಕೊಂಡಳು, ಜೇನಿನ ಹದಕ್ಕಿರಲಿ ಅಂದಿದ್ದರು ಡಾಕ್ಟರು, ಇದು ಗೋಂದಾಯಿತು — ವಾಶಿಯ ಕಾಲೇಜಿನಲ್ಲಿ ವರ್ಷವರ್ಷವೂ ಮಕ್ಕಳಿಗೆ ಸ್ನಿಗ್ಧತೆಯ ಪಾಠ ಮಾಡಿದವಳು, ಹರಳೆಣ್ಣೆಯ ಜಾಡಿಯೊಳಗೆ ಉಕ್ಕಿನ ಗುಂಡು ಹೇಗೆ ಸಾವಕಾಶವಾಗಿ ಇಳಿಯುತ್ತದೆ ನೋಡಿ, ದ್ರವಕ್ಕೂ ಹಟವಿರುತ್ತದೆ ಎಂದು ನಗಿಸಿದವಳು, ಈಗ ನೆರೂಳಿನ ಈ ಫ್ಲಾಟಿನ ಅಡುಗೆಮನೆಯಲ್ಲಿ ಅಪ್ಪನ ಗಂಟಲಿಗಾಗಿ ನೀರನ್ನೇ ಗಟ್ಟಿ ಮಾಡುತ್ತ ನಿಂತಿದ್ದಾಳೆ, ತೊಂಬತ್ತನಾಲ್ಕರ ಗಂಟಲು, ತೆಳ್ಳಗಿನ ನೀರು ಬಂದರೆ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚಿಕೊಳ್ಳುವುದಿಲ್ಲ, ನೀರು ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗುತ್ತದೆ, ಇಷ್ಟೇ ವಿಷಯ, ಇಷ್ಟನ್ನು ಅಪ್ಪನಿಗೆ ತಿಳಿಸಲು ಅವಳಿಂದ ಆಗಲಿಲ್ಲ. ಒಳಗಿನಿಂದ ದನಿ, ಆಯ್ತಾ? ಆಯ್ತು ಅಪ್ಪಾ, ಬಂದೆ. ಸ್ನಾನ ಆಯ್ತಾ ಕೇಳಿದ್ದು ನಾನು. ಆಯ್ತು, ಆಯ್ತು — ಬೆಳಗ್ಗೆ ಅವರ ಡೈಪರು ತೆಗೆದು, ತೊಡೆಯ ಸಂದಿಗೆ ಪುಡಿ ಹಾಕಿ, ಹಾಳೆಯಂತೆ ಹರಿಯುವ ಆ ಬೆನ್ನಿನ ಚರ್ಮವನ್ನು ಒರೆಸಿದ ಮೇಲೆ, ಅದೇ ಕೈಯಲ್ಲಿ ಪಂಚಪಾತ್ರೆ ಮುಟ್ಟಬಾರದು, ಮತ್ತೊಮ್ಮೆ ಮೀಯಬೇಕು, ಮೈಲಿಗೆ ಅವರದ್ದೇ, ಮೀಯುವವಳು ಮಾತ್ರ ಅವಳು, ತುರ್ಭೆಯಿಂದ ಬರುವ ಕೆಲಸದವಳು ಇದನ್ನು ಕಂಡು ಬಕೆಟು ಕೆಳಗಿಟ್ಟು ನಕ್ಕಿದ್ದಳು, ದೀದಿ, ಈ ಆಜೋಬಾ, ನಿಮ್ಮಪ್ಪ, ನಿಮಗಿಂತ ಹೆಚ್ಚು ಬದುಕ್ತಾರೆ ನೋಡಿ, ನೀವು ನೆಗಡಿಯಾಗಿ ಮೊದಲು ಹೋಗ್ತೀರಿ.

ಮಂಚದ ಮೇಲೆ ಕೈ ಆಗಲೇ ಸಿದ್ಧವಾಗಿದೆ, ಬಲಗೈ, ಹಸುವಿನ ಕಿವಿಯ ಹಾಗೆ ಬಾಗಿದ ಅಂಗೈ, ಮಿಕ್ಕ ಮೈಯಲ್ಲಿ ಏನೂ ನೆಟ್ಟಗಿಲ್ಲದಿದ್ದರೂ ಆ ಬಾಗು ಮಾತ್ರ ಕೆಟ್ಟಿಲ್ಲ, ಉದ್ದಿನಕಾಳು ಮುಳುಗುವಷ್ಟು ನೀರು ಅದರಲ್ಲಿ ಬೀಳಬೇಕು, ಮಂತ್ರ ಹೇಳಿ ಅದನ್ನು ಕುಡಿಯಬೇಕು, ಆಮೇಲೇ ಅನ್ನ, ಊಟ ಮುಗಿದ ಮೇಲೆ ಇನ್ನೊಮ್ಮೆ, ಮತ್ತೆ ಆ ನೀರನ್ನು ತಾನೇ ಹಾಕಿಕೊಳ್ಳಬಾರದು, ಇನ್ನೊಬ್ಬರು ಹಾಕಬೇಕು, ಆಪೋಶನ ಅಂದರೆ ಹಾಗೆ. ಹಿಂದೆ ತುರ್ಭೆಯ ತಮ್ಮದೇ ಹೋಟೆಲಿನಲ್ಲಿ ಮಧ್ಯಾಹ್ನದ ರಶ್ಶು ಇಳಿದ ಮೇಲೆ ಹಿಂದಿನ ಕೋಣೆಯಲ್ಲಿ ಅಕ್ಕಿಮೂಟೆಗಳ ನಡುವೆ ಎಲೆ ಹಾಕಿ ಕೂತು ಅಪ್ಪ ಇದೇ ಕೈ ಚಾಚುತ್ತಿದ್ದರು, ಅಮ್ಮ ವಾರಿಜಾ ಬಗ್ಗಿ ಹಾಕುತ್ತಿದ್ದಳು, ನೀರಿನ ಹನಿ ಒಂದು ಹೆಚ್ಚಾದರೂ ಹುಬ್ಬು ಗಂಟು, ಲೋಟ ತೊಳೀಲಿಕ್ಕೆ ಹಾಕಿದ್ದಲ್ಲ ವಾರಿಜಾ, ಅಮ್ಮ ಹೋದ ಮೇಲೆ ಅದು ರಮಾಮಣಿಯ ಪಾಲಿಗೆ ಬಂತು, ಮದುವೆಯಾಗದ ಮಗಳು, ಓದಿದ ಮಗಳು, ಗಂಡು ಕಡೆಯವರು ಬಂದಾಗಲೆಲ್ಲ ಇವಳು ಎಮ್ಮೆಸ್ಸಿ ಅಂತ ಅಪ್ಪನೇ ತಪ್ಪೊಪ್ಪಿಕೊಳ್ಳುವವರ ಹಾಗೆ ಹೇಳುತ್ತಿದ್ದರಲ್ಲ. ಈಗ ಅವಳು ಪುಡಿ ಕಲಸಿದ ನೀರನ್ನು ಆ ಅಂಗೈಗೆ ಬಿಡುತ್ತಾಳೆ, ಅದು ಬಸವನಹುಳದ ಹಾಗೆ ಜಾರಿ ರೇಖೆಗಳ ನಡುವೆ ನಿಲ್ಲುತ್ತದೆ, ಅಪ್ಪನ ಕಣ್ಣಿಗೆ ಏನೂ ಕಾಣುವುದಿಲ್ಲ, ಬೆಳಕು ನೆರಳು ಅಷ್ಟೇ, ಕೈಗೆ ಮಾತ್ರ ಗೊತ್ತಾಗುತ್ತದೆ, ಗೊಣ್ಣೆ ಇದು, ನೀರಲ್ಲ, ಅಂಗೈ ಮಗುಚುತ್ತಾರೆ, ಅದು ನಿಧಾನವಾಗಿ ಚಾದರದ ಮೇಲೆ ಬೀಳುತ್ತದೆ, ಮತ್ತೆ ಕೈ ಬಾಗುತ್ತದೆ. ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿ ಬಂದಾಗಿನಿಂದ ಹೀಗೆ, ಆಪೋಶನವಿಲ್ಲದೆ ಅನ್ನ ಇಲ್ಲ, ಅವಳು ಬಾಯಿ ಹತ್ತಿರ ಹಿಡಿದ ಮೆದುಅನ್ನ ತುಟಿಯ ಮೇಲೆಯೇ ಒಣಗುತ್ತದೆ, ಇವತ್ತೂ ತಿನ್ನದಿದ್ದರೆ ನಾಳೆ ಮೂಗಿನಿಂದ ನಳಿಗೆ ಅಂದಿದ್ದಾರೆ ಡಾಕ್ಟರು, ಕಿತ್ತುಕೊಳ್ಳದ ಹಾಗೆ ಕೈ ಕಟ್ಟಬೇಕಾಗುತ್ತದೆ ಎಂದೂ ಅಂದಿದ್ದಾರೆ — ಈ ಕೈಯನ್ನು, ಮಂಚದ ಸರಳಿಗೆ, ಬ್ಯಾಂಡೇಜು ಬಟ್ಟೆಯಲ್ಲಿ.

ಅದಕ್ಕೇ ಅವಳ ತಮ್ಮ ಕಲ್ಯಾಣದ ಮನೆಯಿಂದ ಬರುತ್ತಿದ್ದಾನೆ, ನಿರ್ಧಾರ ಮಾಡಲು, ನಿರ್ಧಾರಕ್ಕೆ ಹೃಷೀಕೇಶ ಬೇಕು, ದಿನದಿನಕ್ಕೆ ಅಕ್ಕ ಸಾಕು, ಈಗಷ್ಟೇ ಫೋನು ಬಂದಿತ್ತು, ಅಕ್ಕಾ, ಥಾಣೆಯಲ್ಲಿ ಇಳಿದೆ, ಪನವೇಲ್ ಗಾಡಿ ಹಿಡಿದ್ರೆ ಆಯ್ತು, ಅಪ್ಪನಿಗೆ ತೀರ್ಥ ತರ್ತಾ ಇದ್ದೇನೆ, ಹೋದ ಸಲ ಕೊಟ್ಟದ್ದು ಅವರಿಗೆ ಎಷ್ಟು ಹಿತ ಆಯ್ತು ಗೊತ್ತುಂಟಾ. ಹೋದ ಸಲ ಎಂತ ಕೊಟ್ಟೆ ನೀನು? ತೀರ್ಥ, ಮಠದ್ದು, ನಮ್ಮ ಸತ್ಯಭಾಮಾಳ ಅಣ್ಣ ಉಡುಪಿಯಿಂದ ತಂದದ್ದು, ನೀನು ಬಟ್ಟೆ ಒಣಗಿಸ್ಲಿಕ್ಕೆ ಟೆರೇಸಿಗೆ ಹೋಗಿದ್ದಿ, ಮೂರು ಉದ್ಧರಣೆ ಕೊಟ್ಟೆ, ಅಪ್ಪ ಅಳ್ತಾ ಅಳ್ತಾ ತಕೊಂಡ್ರು. ನೀರು ಕೊಡ್ಬೇಡಿ ಹೇಳಿದ್ರಲ್ಲ ಮಾರಾಯ ಡಾಕ್ಟ್ರು! ನೀರು ಎಲ್ಲಿ ಕೊಟ್ಟೆ ಅಕ್ಕಾ? ತೀರ್ಥ ಅಲ್ವಾ ಕೊಟ್ಟದ್ದು. ಅದೂ ಹೈಡ್ರೋಜನ್ನು ಆಕ್ಸಿಜನ್ನೇ ಹೃಷೀ. ನಿನ್ನ ಕೆಮಿಸ್ಟ್ರಿ ಕಾಲೇಜಲ್ಲಿ ಇಟ್ಕೋ, ಗಾಡಿ ಬಂತು, ಇಡ್ತೇನೆ. ಸುಳ್ಳು ಹೇಳುವವನಲ್ಲ ಹೃಷೀಕೇಶ, ಅದೇ ಅವಳಿಗೆ ಉರಿಯುವುದು, ಆಸ್ಪತ್ರೆಯಲ್ಲಿ ಡಾಕ್ಟರು ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದು ಯಾರೋ ನೀರು ಕೊಟ್ಟಿದ್ದಾರೆ ಎಂದಾಗಲೂ ಅವನು ಎದೆಯ ಮೇಲೆ ಕೈಯಿಟ್ಟು ಇಲ್ಲ ಅಂದದ್ದು ನಿಜದ ಮುಖದಿಂದಲೇ, ಆಮೇಲೆ ಎಲ್ಲರೂ ಅವಳ ಕಡೆ ತಿರುಗಿದರು, ಅವನ ಹೆಂಡತಿ ಸತ್ಯಭಾಮಾ ರಮಾಮಣಿಯ ಭುಜ ಸವರಿದಳು, ನಿದ್ದೆಗಣ್ಣಲ್ಲಿ ಕೊಟ್ಟಿರ್ಬಹುದು ಅತ್ತಿಗೆ, ಒಬ್ರೇ ಎಷ್ಟೂಂತ ನೋಡ್ತೀರಿ, ಪಾಪ — ಆ ಪಾಪವನ್ನು ಅವಳು ನಂಬಿದ್ದಳು, ನಂಬಿ ಅಡುಗೆಮನೆಯ ಒಂದೊಂದು ಲೋಟವನ್ನೂ ಶಂಕಿಸಿದ್ದಳು, ಪುಡಿಯ ಡಬ್ಬಿಯ ಮೇಲಿನ ಬರಹವನ್ನು ಮತ್ತೆ ಮತ್ತೆ ಓದಿದ್ದಳು, ತನ್ನ ತಲೆಯೇ ಜಾರುತ್ತಿದೆಯೇನೋ ಎಂದು ಹೆದರಿ ಮಲಗುವ ಮುಂಚೆ ಹೂಜಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳು. ಅಪ್ಪ ಆಗಲೇ ಹೇಳಿದ್ದರು, ಜ್ವರದಲ್ಲಿ, ನರ್ಸಿಗೆ ಹೇಳಿದ್ದರು, ನನ್ನ ಮಗ ಮಾಣಿ ತೀರ್ಥ ಕೊಟ್ಟ, ಅದರಿಂದಲೇ ಉಳಿದೆ, ಕನವರಿಕೆ ಎಂದುಕೊಂಡು ಅವಳು ಒದ್ದೆ ಬಟ್ಟೆ ಬದಲಾಯಿಸಿದ್ದಳು ಅಷ್ಟೆ, ಸಾಯಬೇಕಾದದ್ದು ಅದರಿಂದ, ಉಳಿದೆ ಎನ್ನುವುದೂ ಅದರಿಂದ, ಎರಡರ ನಡುವೆ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತದ್ದು, ಕಫ ಎಳೆಯುವ ಯಂತ್ರದ ಸದ್ದು ಕೇಳಿದ್ದು, ಅದಕ್ಕೆ ಹೆಸರೇ ಇಲ್ಲ.

ಮಾಣಿ ಬಂದನಾ? ಬರ್ತಾನೆ ಅಪ್ಪಾ, ಗಾಡಿಯಲ್ಲಿದ್ದಾನೆ. ಅವನೇ ಹಾಕ್ಲಿ, ಅವನು ಬಂದ ಮೇಲೆ ಉಣ್ತೇನೆ. ಹೌದು, ಬರುತ್ತಾನೆ, ಬೆಲ್ಲು ಮಾಡುತ್ತಾನೆ, ಕಾಲು ತೊಳೆದು ಬಂದು ಮಂಚದ ಪಕ್ಕ ಕೂತು ಉದ್ಧರಣೆಯಲ್ಲಿ ತೀರ್ಥ ಹಾಕುತ್ತಾನೆ, ಅಪ್ಪ ಅಳುತ್ತಾರೆ, ಅವನೂ ಅಳುತ್ತಾನೆ, ಆಮೇಲೆ ಹಾಲ್‌ಗೆ ಬಂದು ದನಿ ತಗ್ಗಿಸಿ ಡಾಕ್ಟ್ರು ಹೇಳಿದ ಹಾಗೇ ಮಾಡುವ ಅಕ್ಕಾ ಎಂದು ನಳಿಗೆಗೂ ಒಪ್ಪಿ, ಕಾಫಿ ಕುಡಿದು, ಸಂಜೆಯ ಗಾಡಿಗೆ ಹೊರಡುತ್ತಾನೆ, ನೀರು ಅವನದ್ದು, ಕೆಮ್ಮು ಇವಳದ್ದು, ಆಶೀರ್ವಾದ ಕಲ್ಯಾಣಕ್ಕೆ, ಕಫದ ಬಟ್ಟಲು ನೆರೂಳಿಗೆ. ಇಲ್ಲ — ಅವಳು ಎದ್ದಳು, ಕನಿಕರದಿಂದಲ್ಲ, ಕನಿಕರ ಎಂದೋ ಮುಗಿದಿದೆ, ಇದೊಂದನ್ನು ಅವನಿಗೆ ಬಿಡುವುದಿಲ್ಲ ಎಂದು ಎದ್ದಳು, ಪಂಚಪಾತ್ರೆಗೆ ನೀರು ಹಾಕಿದಳು, ಬರಿಯ ನೀರು, ಕಾಯಿಸಿ ಆರಿಸಿದ್ದು, ಮಂಚದ ತಲೆಯ ಕಡೆಯನ್ನು ಹಿಡಿ ತಿರುಗಿಸಿ ಎತ್ತರ ಮಾಡಿದಳು, ಬೆನ್ನಿಗೆ ದಿಂಬು, ಗದ್ದವನ್ನು ಎದೆಗೆ ತಾಗುವಂತೆ ಬಗ್ಗಿಸಿ, ಇಷ್ಟು ಮಾಡಿದರೆ ಸಣ್ಣ ಗುಟುಕು ಹೆಚ್ಚು ಸಲ ಸರಿಯಾದ ದಾರಿ ಹಿಡಿಯುತ್ತದೆ, ಹೆಚ್ಚು ಸಲ, ಎಲ್ಲ ಸಲವಲ್ಲ, ಅವಳಿಗೆ ಎರಡೂ ಗೊತ್ತು. ಉದ್ಧರಣೆ ಓರೆ ಮಾಡಿದಳು. ನೀರು ನೀರಿನ ಹಾಗೆಯೇ ಬಿತ್ತು, ಅಂಗೈಯ ಗುಳಿಯಲ್ಲಿ ಒಮ್ಮೆ ನಡುಗಿ ನಿಂತಿತು, ಅಪ್ಪನ ಹೆಬ್ಬೆರಳು ಅದನ್ನು ಮುಟ್ಟಿ ನೋಡಿತು, ತುಟಿ ಅಲುಗಿತು, ಮಂತ್ರದ ಅರ್ಧ ಗಾಳಿಯಾಗಿಯೇ ಹೋಯಿತು, ಕೈ ಬಾಯಿಗೆ ಏರಿತು, ಗಂಟಲಮಣಿ ಮೇಲೆ ಹೋಯಿತು, ನಿಂತಿತು, ಎಷ್ಟು ಹೊತ್ತು ನಿಂತಿತು, ಅವಳು ತನ್ನ ಉಸಿರನ್ನೂ ಹಿಡಿದು ಆ ಸುಕ್ಕುಗಂಟಲನ್ನು ನೋಡುತ್ತಲೇ ಇದ್ದಾಳೆ, ಕೆಮ್ಮು ಬರುತ್ತದೆ, ಈಗ ಬರುತ್ತದೆ — ಇಳಿಯಿತು.

ಅಪ್ಪನ ಮುಖ ಬಿಚ್ಚಿಕೊಂಡಿತು. ಬಂದ್ಯಾ ಮಾಣಿ, ಈಗ ಸರಿ ಆಯ್ತು ನೋಡು, ನೀನು ಬಂದದ್ದು ಒಳ್ಳೇದಾಯ್ತು, ಅವಳು ನನಗೆ ನೀರೇ ಕೊಡುದಿಲ್ಲ ಮಗಾ, ಇಷ್ಟು ದಿನ ಗೊಣ್ಣೆ ಹಾಕಿದ್ಲು ಕೈಗೆ, ಓದಿದವಳು, ಅವಳಿಗೆ ಇದೆಲ್ಲ ತಿಳಿಯುದಿಲ್ಲ. ನಾನು ಅಪ್ಪಾ, ರಮಾ — ಮಾತು ಹಲ್ಲಿನವರೆಗೆ ಬಂತು, ಅಷ್ಟರಲ್ಲಿ ಬಾಯಿ ತೆರೆದಿತ್ತು, ಅಪ್ಪನ ಬಾಯಿ, ಹಕ್ಕಿಮರಿಯ ಹಾಗೆ, ಅನ್ನಕ್ಕಾಗಿ, ಇಷ್ಟು ದಿನ ಅವಳ ಕೈ ಅಂದರೆ ಮುಚ್ಚಿಕೊಳ್ಳುತ್ತಿದ್ದ ಬಾಯಿ, ಅವಳು ಮೆದುಅನ್ನದ ಚಮಚ ಇಟ್ಟಳು, ನುಂಗಿದರು, ಇನ್ನೊಂದು ಇಟ್ಟಳು, ನುಂಗಿದರು, ಈಗ ದನಿ ಹೊರಟರೆ ಈ ಬಾಯಿ ಮುಚ್ಚಿದರೂ ಮುಚ್ಚಿಕೊಂಡೀತು, ನಾಳೆ ನಳಿಗೆ, ಬ್ಯಾಂಡೇಜು ಬಟ್ಟೆ, ಮಂಚದ ಸರಳು, ಸುಮ್ಮನಿದ್ದರೆ ಉಣ್ಣುತ್ತಾರೆ, ಮಗನ ಕೈಯಿಂದ ಉಣ್ಣುತ್ತಾರೆ, ಬಳೆ ಸದ್ದು ಮಾಡೀತೆಂದು ಅವಳು ಅದನ್ನು ಮೊಣಕೈಯ ಕಡೆ ಮೇಲೇರಿಸಿಕೊಂಡಳು, ಬಟ್ಟಲು ಬರಿದಾಗುತ್ತ ಬಂತು, ನಿನ್ನ ಕೈ ನಿನ್ನಮ್ಮನ ಕೈ ಹಾಗೇ ಉಂಟು ಮಾಣಿ, ಎಷ್ಟು ಮೆತ್ತಗೆ, ಅಂದರು ಅಪ್ಪ, ಅವಳು ಚಮಚದಿಂದ ಅವರ ಗದ್ದದ ಅಗುಳು ತೆಗೆದಳು, ಸಾಕು, ಇನ್ನು ಕಡೇ ನೀರು ಹಾಕು ಮಗಾ, ಆ ನೀರನ್ನೂ ಗಂಟಲು ದಾಟಿಸಬೇಕು, ಇಳಿದೀತೋ ಇಲ್ಲವೋ, ಎದುರಿಗೆ ಕೈ ಬಂದಿದೆ, ನೀಲಿ ನರಗಳ ಬಲಗೈ, ಹಸುವಿನ ಕಿವಿಯ ಹಾಗೆ ಬಾಗಿದ ಅಂಗೈ, ಗುಳಿಯಲ್ಲಿ ಮೊದಲಿನ ನೀರಿನ ತೇವ ಇನ್ನೂ ಇದೆ, ಹಾಕು ಮಾಣಿ, ಅಂಗೈ, ಚೂರೂ ನಡುಗದೆ, ಕಾಯುತ್ತ, ಅಂಗೈ —